ಹೊರಗಿನ ಚಿಲಕ

ಕಾಂತರಾಜು ಕುಡಿತ ಬಿಟ್ಟು ನಲವತ್ತೊಂದು ದಿನವಾಗಿತ್ತು. ಸೂಲಿಬೆಲೆ ಪಕ್ಕದ ಅವನ ಊರಿನಲ್ಲಿ ಇದನ್ನು ನಂಬಿದವರು ಯಾರೂ ಇಲ್ಲ, ಹೆಂಡತಿ ಕವಿತಳೂ ಸೇರಿ. ನಂಬುವುದಾದರೂ ಹೇಗೆ ಹೇಳಿ? ಕಳೆದ ಬೆಳೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲುಗಾಡದೆ ಕೂರುತ್ತವಲ್ಲ, ಅದನ್ನೇ ಜ್ವರ ಅನ್ನುವುದು. ಆಗ ಸೊಪ್ಪು ಹಾಕಬಾರದೆಂದು ಆ ಊರಿನ ಕೂಸಿಗೂ ಗೊತ್ತು. ಈ ಮಹಾನುಭಾವ ಕುಡಿದು ಬಂದು, "ಪಾಪ, ಹಸ್ಕೊಂಡವೆ" ಎಂದು ರಾಶಿ ಸೊಪ್ಪು ಸುರಿದು ಮಲಗಿಬಿಟ್ಟ! ಅರ್ಧ ಹುಳು ಅಡಿಯಲ್ಲೇ ಕೊಳೆತವು. ಕವಿತ ಅವನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹೊತ್ತಳು. ಮಾರನೇ ದಿನ ಗಂಡನನ್ನು ಹೊಸಕೋಟೆಯ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿ ಬಂದಳು.

ಅಲ್ಲಿ ಪ್ರಮೋದಾ ಎಂಬ ಸಮಾಲೋಚಕಿ ದಿನವೂ ಕಣ್ಣು ಮುಚ್ಚಿಸಿ ಕೂರಿಸಿ ಉಸಿರು ನೋಡಿಸುತ್ತಿದ್ದರು. "ಕುಡೀಬೇಕು ಅನ್ನಿಸಿದಾಗ ಅದರ ಜೊತೆ ಕುಸ್ತಿ ಬೇಡ. ಅದು ಹೇಳಿದ್ದನ್ನೂ ಕೇಳಬೇಡಿ. ಮೈಯಲ್ಲಿ ಎಲ್ಲಿದೆ ಅಂತ ಸುಮ್ಮನೆ ನೋಡ್ತಾ ಕೂತ್ಕೊಳ್ಳಿ. ಏರುತ್ತೆ, ಇಳಿಯುತ್ತೆ."

ಕಾಂತರಾಜುವಿಗೆ ಮೊದಮೊದಲು ನಗು. ಮೂಗಿದ್ದವರೆಲ್ಲ ಆಡುವ ಉಸಿರಲ್ಲಿ ನೋಡುವುದೇನು, ಮಣ್ಣು! ಒಂದು ದಿನ ತಟ್ಟನೆ ಹೊಳೆಯಿತು. "ಜ್ವರಕ್ಕೆ ಕೂತಾಗ ಮೇವು ಹಾಕ್ಬಾರ್ದು ಅಂತೀರಾ. ಅಷ್ಟೇ ತಾನೆ ಮೇಡಂ?" ಪ್ರಮೋದಾಗೆ ಹುಳುವಿನ ಗಂಧಗಾಳಿ ಇಲ್ಲ. ಇವನೇ ಅರ್ಧ ಗಂಟೆ ಪಾಠ ಮಾಡಿದ. ಮನೆಗೆ ಮರಳಿದ ಮೇಲೆ ಉಸಿರಿನ ಪಾಠವನ್ನು ಕವಿತಳಿಗೂ ಒಪ್ಪಿಸಿದ.

ಈ ಬೆಳೆ ನಾಲ್ಕನೇ ಜ್ವರಕ್ಕೆ ಕೂತ ದಿನವೇ ಜಡಿಗೇನಹಳ್ಳಿಯಲ್ಲಿ ಕವಿತಳ ತಾಯಿ ಬಿದ್ದು ಕಾಲು ಮುರಿದುಕೊಂಡರು. "ಹುಳ ನಿಮ್ಮ ಕೈಲಿ ಬಿಟ್ಟು ಹೋಗ್ತಿದ್ದೀನಿ," ಎಂದಳು ಕವಿತ. "ಇವತ್ತು ಕುಡುದ್ರೆ ನಾನು ತವರಿಗೆ ಹೋದೋಳು ವಾಪಸ್ ಬರಲ್ಲ."

ಸಂಜೆ ಆರು, ಅವನ ಹಳೇ ಹೊತ್ತು. ಗಂಟಲು ಒಣಗಿತು, ಅಂಗೈ ಬೆವರಿತು. ಹುಳು ಮನೆ ಹೊಕ್ಕು ನೆಲದ ಮೇಲೆ ಕಣ್ಣು ಮುಚ್ಚಿ ಕೂತ. ಗಂಟಲು ನೋಡಿದ, ಎದೆ ನೋಡಿದ, ಉಸಿರು ನೋಡಿದ. ತಾಯಿ ಸಪ್ಪಲಮ್ಮ ಕಾಫಿಗೆ ಕೂಗಿ ಕೂಗಿ ಸಾಕಾಗಿ ಇಣುಕಿದರೆ, ಮಗ ತಲೆ ಇಳಿಬಿಟ್ಟುಕೊಂಡು ಕೂತಿದ್ದಾನೆ. ಮುದುಕಿ ದಡಬಡನೆ ಹೋಗಿ ಸೊಸೆಗೆ ಫೋನು ಹಚ್ಚಿದಳು. "ಕುಡ್ಕೊಂಡು ಕೂತವ್ನೆ ಕಣವ್ವಾ, ಕರುದ್ರೂ ಮಾತಾಡಾಕಿಲ್ಲ!"

ಆ ಮಾತು ಅವನಿಗೂ ಕೇಳಿಸಿತು. ಕುಡಿಯದಿದ್ದರೂ ಕುಡುಕನೇ ಆದರೆ ಕುಡಿದೇ ಸಾಯಬಾರದೇಕೆ? ಉಸಿರಂತೆ, ಉಸಿರು! ಮುಕ್ಕಾಲು ಗಂಟೆ ಆ ಉಸಿರನ್ನೇ ನುಂಗಿದ, ಉಗುಳಿದ. ಹುಳುವಿಗೆ ಮತ್ತೆ ಸೊಪ್ಪು ಸುರಿದಾನೆಂದು ಓಡಿಬಂದ ಕವಿತಳ ಆಟೋ ನಿಂತಾಗ ಹುಳು ಮನೆಯ ಬಾಗಿಲಲ್ಲಿ ನಿಂತಿದ್ದ.

ಅವಳು ನೆಟ್ಟಗೆ ಬಂದಳು. "ಬಾಯ್ ತೆಗೀರಿ."

ತೆಗೆದ. ಮೂಸಿದಳು, ಮತ್ತೊಮ್ಮೆ ಮೂಸಿದಳು. ಏನೂ ಇಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟಳು.

"ಖುಷಿ ಪಡ್ಬೇಡ ಕಣೇ," ಎಂದ. "ಕುಡೀಬೇಕು ಅನ್ನೋದು ಇನ್ನೂ ಇಳ್ದಿಲ್ಲ. ಕಾಲು ನೋಡು."

ಹುಳು ಮನೆಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಅವನು ಹೊಸ್ತಿಲೊಳಗೆ ಚಪ್ಪಲಿ ಮೆಟ್ಟಿ ನಿಂತಿದ್ದ. ಹೆಂಡದಂಗಡಿಗೆ ಹೊರಟವನೇ. ಬಗ್ಗಿ ಎರಡನ್ನೂ ಬಿಚ್ಚಿ ಅವಳ ಕೈಗಿಟ್ಟ. "ಹೊರಗಿಂದ ಚಿಲಕ ಹಾಕು. ಏನ್ ಕೂಗುದ್ರೂ ತೆಗೀಬೇಡ."

ಅವಳು ಚಿಲಕ ಹಾಕಿ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೇ ಅವನು ಒಳಗಿಂದ ಬಾಗಿಲು ದಬದಬ ಬಡಿದ.

"ಇಳೀತು ಕಣೇ! ತೆಗಿ!"

ಹದಿನೆಂಟು ವರ್ಷ ಸುಳ್ಳು ಕೇಳಿದ ಕಿವಿ ಅವಳದು. ಕೈ ಚಿಲಕದ ತನಕ ಹೋಗಿ ಹಿಂದಕ್ಕೆ ಬಂತು. ಚಪ್ಪಲಿಗಳನ್ನು ಮಡಿಲಿಗೆ ಎಳೆದುಕೊಂಡಳು.

"ಉಸಿರು ನೋಡ್ರೀ," ಎಂದಳು. "ನಾನಿಲ್ಲೇ ಕೂತಿದ್ದೀನಿ."