ಹುಲ್ಲಿನ ಮಶೀನಿಗೂ ನಿಂಬೆಹಣ್ಣು

ಟಪ್ಪೆಂದು ಏನೋ ಹಾರಿಬಂದು ನನ್ನ ಕನ್ನಡಕಕ್ಕೆ ಬಡಿಯಿತು. ಒರೆಸಿ ನೋಡಿದರೆ ನಿಂಬೆಹಣ್ಣಿನ ಹೋಳು! ವಾಡಿಯ ನಮ್ಮ ಕ್ವಾರ್ಟರ್ಸಿಗೆ ಹುಲ್ಲು ಕತ್ತರಿಸುವ ಮಶೀನು ಬಂದ ದಿನವದು. ಹೊಸ ಗಾಡಿಗೆ ಮಾಡುವಂತೆ ಅತ್ತೆ ಅದಕ್ಕೂ ಕುಂಕುಮ ಹಚ್ಚಿ, ಗಾಲಿಗಳಡಿ ನಿಂಬೆಹಣ್ಣು ಇಟ್ಟಿದ್ದರು. ಯಜಮಾನರು ಚಾಲೂ ಮಾಡಿ ಹೆಮ್ಮೆಯಿಂದ ನೂಕಿದ್ದೇ ತಡ, ಒಂದು ಹಣ್ಣು ಉರುಳಿ ಬ್ಲೇಡಿಗೆ ಸಿಕ್ಕಿತ್ತು.

"ಬಂದ್ ಮಾಡ್ರಿ! ನನ್ನ ಕಣ್ಣು ಹೋಗ್ತಿದ್ವು!" ಎಂದು ಚೀರಿದೆ.

ಅತ್ತೆ ಮಶೀನಿಗೆ ಕೈಮುಗಿದರು. "ನೋಡವ್ವಾ, ನಿಂಬಿಕಾಯಿ ಇಟ್ಟಿದ್ದಕ್ಕೇ ನಿನ್ನ ಕಣ್ಣು ಉಳದಾವ!"

ಈಗ ಪ್ರತಿ ಸಲ ಮಶೀನು ಚಾಲೂ ಮಾಡುವ ಮುನ್ನ ಹುಲ್ಲೆಲ್ಲ ತಡಕಾಡುತ್ತೇವೆ. ಕಲ್ಲು, ಕಡ್ಡಿ ಆರಿಸುವುದು ಯಜಮಾನರು. ಅತ್ತೆಯ ಕಣ್ಣು ತಪ್ಪಿಸಿ ನಿಂಬೆಹಣ್ಣು ಆರಿಸುವುದು ನಾನು.