ಬಾಗಿಲಲ್ಲಿ ಕೂಗುವ ಭುಜ
ಸಿಪಾಯಿ ಮಾವ ಒಳಗೆ ಕಾಲಿಟ್ಟರೆ ಸಾಕು, ಸೈನಿಕರಿಗೆ ಪದಕ ಕೊಡುವ ಕಚೇರಿಯ ಬಾಗಿಲಲ್ಲಿರುವ ಲೋಹ ತಪಾಸಣೆ ಯಂತ್ರ ಬಾಯಿ ಬಡಿದುಕೊಳ್ಳುತ್ತದೆ. ಮಾವನಿಗೆ ಅದೇ ಸ್ವಾಗತದ ಬ್ಯಾಂಡು. ಎದೆಯುಬ್ಬಿಸಿ ಹಿಂದೆ ಹೋಗಿ, ಮತ್ತೊಮ್ಮೆ ದಾಟಿ, ಇನ್ನೊಂದು ಸಲ ಕೂಗಿಸುತ್ತಾರೆ. "ಯುದ್ಧದಲ್ಲಿ ಗಾಯ ಆಗಿದ್ದಕ್ಕೆ ಪುರಾವೆ ಇಲ್ಲ ಅಂತೀರಲ್ಲ ಸಾಹೇಬ್ರೇ, ನಿಮ್ಮ ಬಾಗಿಲಿಗೆ ಗೊತ್ತಾಗಿದ್ದು ನಿಮಗೆ ಗೊತ್ತಾಗಲ್ವಾ?" ಗುಮಾಸ್ತ ಹಣೆ ಚಚ್ಚಿಕೊಂಡು ಮತ್ತೊಂದು ಮೇಲ್ಮನವಿ ಇಸಿದುಕೊಳ್ಳುತ್ತಾನೆ. ಮನೆಯಲ್ಲಿ ಹೆಂಡತಿ ಊದಿದ ಭುಜಕ್ಕೆ ಶಾಖ ಕೊಡುತ್ತಾ ಗೊಣಗುತ್ತಾಳೆ: "ಆ ಬಾಂಬಿನ ಚೂರು ತೆಗೀತೀನಿ ಅಂತ ಡಾಕ್ಟರು ಬಡ್ಕೋತಿದ್ದಾರೆ. ನಿಮ್ಮದು ಇದೆಂಥ ಹಟ ರೀ?" ಮಾವ ಹಲ್ಲು ಕಚ್ಚಿ ನೋವು ನುಂಗುತ್ತಾರೆ. "ಸುಮ್ನಿರೇ. ಇದು ನನ್ನ ಜೊತೆಯವನ ಎದೆ ಸೀಳ್ಕೊಂಡು ನನ್ನೊಳಗೆ ಬಂತು. ಅವನಿಗೆ 'ಅಮ್ಮಾ' ಅನ್ನೋಕೂ ಬಿಡಲಿಲ್ಲ. ಪದಕ ಬರೋವರೆಗೂ ಅವನ ಪಾಲಿಂದೂ ಇದೇ ಕೂಗ್ಲಿ!"