ಊರು ಬಿಟ್ಟ ಪಂದ್ಯಾವಳಿ, ಜಾಗ ಬಿಟ್ಟ ಪಾತ್ರೆ ಅಂಗಡಿ

ಯಾವ ಇತಿಹಾಸವನ್ನು ಓದಿದರೂ ನನ್ನ ಕಣ್ಣು ಮೊದಲು ಹುಡುಕುವುದು ‘ಆರಂಭವಾಯಿತು’ ಎಂಬ ಮಾತನ್ನು. ಸಿಕ್ಕಿದ ಮೇಲೆ ಅಲ್ಲಿಂದ ಮುಂದಕ್ಕೆ ಹೋಗಲು ಒಪ್ಪುವುದಿಲ್ಲ. ಅದಕ್ಕೆ ಹಿಂದಿನ ದಿನ ಏನಿತ್ತು, ಆರಂಭವಾಯಿತೆಂದು ತೀರ್ಮಾನಿಸಿದವರು ಯಾರು ಎಂದು ಕೇಳುತ್ತ ಕುಳಿತುಬಿಡುತ್ತೇನೆ. ಹೊಳೆನರಸೀಪುರದಲ್ಲಿ ಸೈಕಲ್ ಷಾಪು ನಡೆಸಿ ವಯಸ್ಸು ಕಳೆದವನು ನಾನು. ಶಾಲೆ ಬೇಗನೆ ಬಿಟ್ಟುಹೋಯಿತು. ಮಿಕ್ಕ ಓದೆಲ್ಲ ಹಾಸನಕ್ಕೆ ಟೈರು ಟ್ಯೂಬು ತರಲು ಹೋದಾಗ ಅಲ್ಲಿನ ಗ್ರಂಥಾಲಯದಲ್ಲಿ ಹೊತ್ತು ಕದ್ದು ಮಾಡಿದ್ದು. ಮೇಷ್ಟರಿಲ್ಲದೆ ಕಲಿತವನಿಗೆ ಒಂದು ಅನುಕೂಲವುಂಟು: ‘ಇದು ಹೀಗೆಯೇ’ ಎಂದು ತಲೆ ಮೊಟಕಿ ನಂಬಿಸಿದವರು ಯಾರೂ ಇರುವುದಿಲ್ಲ. ಅನನುಕೂಲವೂ ಅದೇ. ಈ ಗುಣವನ್ನು ನನ್ನ ಹೆಂಡತಿ ಮೊಂಡುತನವೆಂದೂ ನಾನು ಸಂಶೋಧನೆಯೆಂದೂ ಕರೆಯುತ್ತ ಬಂದಿದ್ದೇವೆ. ಹೋದ ತಿಂಗಳು ಅದು ನನ್ನ ಹಳೆಯ ಗೆಳೆಯರೊಬ್ಬರ ಅಂಗಡಿಯ ಬೋರ್ಡಿಗೆ ಅಡ್ಡ ಬಂದು ನಿಂತಿತು. ಅದಕ್ಕೆ ಕಾರಣವಾದದ್ದು, ನೀವು ನಂಬಲಾರಿರಿ, ಒಂದು ಟೆನಿಸ್ ಪಂದ್ಯಾವಳಿಯ ಇತಿಹಾಸ.

ಸೈಕಲ್ ಷಾಪಿನವನಿಗೂ ಟೆನಿಸ್ಸಿಗೂ ಎಲ್ಲಿಯ ನಂಟು? ಗೊರೂರಿನ ನೀರಾವರಿ ಕ್ವಾರ್ಟರ್ಸಿಗೆ ಸೈಕಲ್ ತಲುಪಿಸಲು ಹೋದಾಗ, ಬೇಲಿಯಾಚೆ ಇಂಜಿನಿಯರುಗಳು ಬಿಳಿ ಚಡ್ಡಿ ತೊಟ್ಟು ಚೆಂಡು ಬಾರಿಸುತ್ತಿದ್ದುದನ್ನು ಕಂಡಿದ್ದೆ, ಅಷ್ಟೆ. ಕುಳಿತು ನೋಡಿದ್ದು ಚೆನ್ನೈಯಲ್ಲಿ, ಪದ್ಮರಾಜಯ್ಯನವರ ಜೊತೆ. ಇವರು ಚನ್ನರಾಯಪಟ್ಟಣದ ಜೈನರು. ತಮ್ಮ ತಂದೆ ಹಳೇ ಬಸ್ ನಿಲ್ದಾಣದ ಬಳಿ ತೆರೆದ ಪಾತ್ರೆ ಅಂಗಡಿಯನ್ನು ನಡೆಸಿಕೊಂಡು ಬಂದವರು. ಅವರಿಗೆ ಸ್ಟೀಲು ಪಾತ್ರೆ ಬೇಕಿತ್ತು, ನನಗೆ ಸೈಕಲ್ಲಿನ ಬಿಡಿಭಾಗ, ಒಟ್ಟಿಗೆ ಹೋಗಿದ್ದೆವು. ಕೆಲಸ ಬೇಗ ಮುಗಿಯಿತು, ರೈಲಿಗೆ ಇನ್ನೂ ಹೊತ್ತಿತ್ತು. ಕೂರಲು ಜಾಗ ಸಿಕ್ಕೀತೆಂಬ ಒಂದೇ ಆಸೆಯಿಂದ ಟಿಕೀಟು ಕೊಂಡು ಒಂದು ಕ್ರೀಡಾಂಗಣದೊಳಕ್ಕೆ ನಡೆದೆವು. ಅಲ್ಲಿ ಗಂಡಸರ ವೃತ್ತಿಪರ ಟೆನಿಸ್ ಪಂದ್ಯಾವಳಿ ನಡೆಯುತ್ತಿತ್ತು; ಪ್ರತಿ ವರ್ಷವೂ ನಡೆಯುವುದೆಂದು ಪಕ್ಕದವರು ಹೇಳಿದರು.

ಒಂದು ಅಂಕಕ್ಕೆ ಹದಿನೈದು, ಎರಡಕ್ಕೆ ಮೂವತ್ತು ಎಂದು ಕೂಗುತ್ತಿದ್ದ ತೀರ್ಪುಗಾರ ಮೂರನೆಯದಕ್ಕೆ ನಲವತ್ತು ಎಂದ. ಹಾಡುಹಗಲೇ ಐದು ಅಂಕ ನುಂಗಿದನೆಂದು ನಾನು ಎದ್ದು ನಿಂತೆ. ಪದ್ಮರಾಜಯ್ಯನವರು ನನ್ನ ಪಂಚೆಯ ಚುಂಗು ಹಿಡಿದು ಎಳೆದರು. “ತೂಕ ಎರಡ್ ಕಡೀಕೂ ಒಂದೇ ಇದ್ರೆ ಸರಿ ಕಣ್ರೀ. ಕೂತ್ಕಳಿ.” ವ್ಯಾಪಾರಸ್ಥನ ಈ ಒಂದು ಮಾತಿನಿಂದ ನನಗೆ ಟೆನಿಸ್ ಅರ್ಥವಾದಷ್ಟು ಆಮೇಲೆ ಓದಿದ ಯಾವ ಪುಸ್ತಕದಿಂದಲೂ ಆಗಲಿಲ್ಲ. ಪುಸ್ತಕಗಳು ಹೇಳುವುದು, ಹಿಂದೆ ಗಡಿಯಾರದ ಮುಖದ ಮೇಲೆ ಮುಳ್ಳನ್ನು ಕಾಲು ಕಾಲು ಸುತ್ತು ಸರಿಸಿ ಅಂಕ ಇಡುತ್ತಿದ್ದರು ಎಂದು. ಆ ಕಾಲದ ಗಡಿಯಾರಕ್ಕೆ ನಿಮಿಷದ ಮುಳ್ಳಾದರೂ ಇತ್ತೇ ಎಂದು ನಾನು ಕೇಳಿದರೆ ಉತ್ತರ ಕೊಡುವವರಿಲ್ಲ. ಸೊನ್ನೆಗೆ ಅವರು ಇಟ್ಟಿರುವ ‘ಲವ್’ ಎಂಬ ಹೆಸರು ಮೊಟ್ಟೆಗೆ ಫ್ರೆಂಚರು ಹೇಳುವ ಮಾತಿನಿಂದ ಬಂದದ್ದೆಂಬ ಇನ್ನೊಂದು ಕಥೆಯುಂಟು. ಅದನ್ನು ನಾನು ಆಧಾರ ಸಾಲದೆಂದು ತಳ್ಳಿಹಾಕಿದೆ; ಪದ್ಮರಾಜಯ್ಯನವರು ಆಹಾರದ ದೃಷ್ಟಿಯಿಂದಲೇ ತಳ್ಳಿಹಾಕಿದರು.

ಅಂದು ಅವರಿಗೆ ಬಹಳ ಹಿಡಿಸಿದ್ದು ಬೇರೆ. ಆಗಾಗ ಆಟ ನಿಲ್ಲಿಸಿ ಆಟಗಾರರಿಬ್ಬರೂ ಅಂಗಳದ ಬದಿ ಬದಲಿಸಿಕೊಳ್ಳುತ್ತಿದ್ದರು. ಬಿಸಿಲೂ ಗಾಳಿಯೂ ಒಬ್ಬನಿಗೇ ಕಾಟ ಕೊಡಬಾರದಲ್ಲ, ಅದಕ್ಕೆ ಎಂದು ಪಕ್ಕದವರು ತಿಳಿಸಿದಾಗ, ಇದು ಧರ್ಮವಂತರ ಆಟವೆಂದು ಪದ್ಮರಾಜಯ್ಯನವರು ತೀರ್ಪಿತ್ತರು. ಸೂರ್ಯ ಮುಳುಗಿದ ಮೇಲೆ ಉಣ್ಣದ ವ್ರತ ಅವರದು. ಪಂದ್ಯ ಬಿಗಿಯಾಗಿ, ಗ್ಯಾಲರಿಯೆಲ್ಲ ಚೆಂಡಿನ ಜೊತೆ ಕತ್ತು ತಿರುಗಿಸುತ್ತಿರುವಾಗ, ಅವರೊಬ್ಬರು ಪಡುವಣಕ್ಕೆ ಮುಖ ಮಾಡಿ, ಸೂರ್ಯನ ಮೇಲೆ ಒಂದು ಕಣ್ಣಿಟ್ಟು, ಡಬ್ಬಿಯಿಂದ ಚಪಾತಿ, ಚಟ್ನಿಪುಡಿ ತಿಂದು ಮುಗಿಸಿದರು. ನಿರ್ಣಾಯಕ ಅಂಕ ತಪ್ಪಿಹೋಯಿತು. ಅದನ್ನು ನಾನು ಅಭಿನಯಿಸಿ ತೋರಿಸಬೇಕಾಯಿತು.

ಅಲ್ಲಿಂದ ಮುಂದೆ ಪ್ರತಿ ವರ್ಷ ಆ ವಾರದಲ್ಲಿ ನಾನು ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋಗುವುದು, ಅಂಗಡಿಯ ಹಿಂದಿನ ಕೋಣೆಯ ಟೀವಿಯಲ್ಲಿ ಇಬ್ಬರೂ ಪಂದ್ಯ ನೋಡುವುದು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು ಪದ್ಧತಿಯಾಯಿತು. ಅದು ‘ನಮ್ಮ ಪಂದ್ಯಾವಳಿ’. ನಮ್ಮದಾದ ಮೇಲೆ ನಾನು ಅದರ ಚರಿತ್ರೆಗೆ ಕೈಹಾಕದೆ ಬಿಟ್ಟೇನೆಯೆ? ಕೆದಕಿದೆ. ಚೆನ್ನೈಯವರು ತಮ್ಮದೆಂದು ಮೆರೆಸುತ್ತಿದ್ದ ಅದು ಮೊದಲ ವರ್ಷ ನಡೆದದ್ದು ದೆಹಲಿಯಲ್ಲಂತೆ. ಮರುವರ್ಷ ದಕ್ಷಿಣಕ್ಕೆ ಬಂದಿತಂತೆ. ಮೊದಮೊದಲು ನಡೆಯುತ್ತಿದ್ದುದು ಬೇಸಿಗೆಯಲ್ಲಿ, ಹೊಸ ವರ್ಷದ ವಾರಕ್ಕೆ ಸರಿದದ್ದು ಆಮೇಲೆ. ಹಣ ಹಾಕುವ ಕಂಪನಿ ಬದಲಾದಾಗಲೆಲ್ಲ ಹೆಸರೂ ಬದಲಾಗಿತ್ತು. ಕಡೆಗೆ ಒಂದು ವರ್ಷ ಅದು ಚೆನ್ನೈಯನ್ನೇ ಬಿಟ್ಟು ಪುಣೆಗೆ ಹೊರಟುಹೋಯಿತು.

ಜಗಳ ಹುಟ್ಟಿದ್ದು ಅಲ್ಲಿ. ಪುಣೆಯದೂ ಅದೇ ಪಂದ್ಯಾವಳಿ, ಮನೆ ಬದಲಾಯಿಸಿದೆ ಅಷ್ಟೆ ಎಂದು ಪದ್ಮರಾಜಯ್ಯನವರ ವಾದ. ಊರು ಅದಲ್ಲ, ಹೆಸರು ಅದಲ್ಲ, ಅಂಗಳ ಅದಲ್ಲ. ಉಳಿದಿರುವುದು ಲೋಕದ ಟೆನಿಸ್ ಪಂಚಾಂಗದಲ್ಲಿ ಒಂದು ವಾರದ ಮೇಲಿನ ಹಕ್ಕು ಮಾತ್ರ, ಕೈ ಬದಲಾದ ಒಂದು ವಾರವನ್ನು ಇತಿಹಾಸವೆಂದು ಕರೆಯುವುದು ಹೇಗೆ ಎಂದು ನನ್ನ ವಾದ. ಸೈಕಲ್ಲಿನ ವಿಷಯದಲ್ಲಿಯೂ ನನ್ನ ಕಟ್ಟಳೆ ಇದೇ. ಚಕ್ರ ಬದಲಾಯಿಸಿ, ಹ್ಯಾಂಡಲ್ ಬದಲಾಯಿಸಿ, ಅದು ನಿಮ್ಮ ತಾತನ ಸೈಕಲ್ಲೇ. ಫ್ರೇಮು ಬದಲಾಯಿತೋ, ತಾತನ ಸೈಕಲ್ಲು ತೀರಿಹೋಯಿತು. ಇದನ್ನು ಮುಖದ ಮೇಲೆ ಹೇಳಿ ಗಿರಾಕಿಗಳನ್ನು ಕಳೆದುಕೊಂಡವನು ನಾನು. ಒಬ್ಬರಂತೂ ಹೊಸ ಫ್ರೇಮಿನ ಸೈಕಲ್ಲನ್ನು ತುಳಿಯದೆ, ಸೂತಕದವರಂತೆ ತಳ್ಳಿಕೊಂಡೇ ಮನೆಗೆ ಹೋದರು.

ಪುಣೆಯ ವರ್ಷಗಳಲ್ಲಿಯೂ ನಾನು ಹೋಗುವುದನ್ನು ಬಿಡಲಿಲ್ಲ. ‘ಅದಲ್ಲದ ಪಂದ್ಯಾವಳಿ’ಯನ್ನು ನೋಡುತ್ತ, ಅದಲ್ಲವೆಂದು ಪ್ರತಿಪಾದಿಸುತ್ತ, ಅವರ ಮನೆಯ ಊಟ ಉಂಡು ಬರುತ್ತಿದ್ದೆ. ಪದ್ಮರಾಜಯ್ಯನವರು ಒಂದು ದಿನವೂ ನನ್ನ ಮಾತನ್ನು ಒಪ್ಪಲಿಲ್ಲ. ಒಂದು ದಿನವೂ ನನ್ನ ತಟ್ಟೆಗೆ ತುಪ್ಪ ಕಡಿಮೆ ಮಾಡಲಿಲ್ಲ. ಆಮೇಲೆ ಪುಣೆಯಲ್ಲೂ ಅದು ನಿಂತಿತು.

ಹೋದ ತಿಂಗಳು ಅವರ ಸೊಸೆ ಶ್ವೇತಾ ಫೋನು ಮಾಡಿ ಬರಬೇಕೆಂದಳು. ಹಳೇ ಬಸ್ ನಿಲ್ದಾಣದ ಬಳಿಯ ಕಟ್ಟಡವನ್ನು ಅದರ ಮಾಲೀಕರು ಕೆಡವಿದ್ದರಿಂದ ಅಂಗಡಿ ಬಿ.ಎಂ. ರಸ್ತೆಯ ಹೊಸ ಮಳಿಗೆಗೆ, ಹೊಸ ಹೆಸರಿನೊಂದಿಗೆ ಬಂದಿತ್ತು. ವ್ಯವಹಾರವೆಲ್ಲ ಈಗ ಸೊಸೆಯದು, ಚುರುಕು ಹೆಣ್ಣುಮಗಳು. ನಾನು ಹೋದಾಗ ಪದ್ಮರಾಜಯ್ಯನವರು ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕುಳಿತಿದ್ದರು.

“ಅಂಕಲ್, ನಾಳೆ ಬೋರ್ಡ್ ಬರೆಯೋರು ಬತ್ತಾರೆ,” ಎಂದಳು ಶ್ವೇತಾ. “ಹೆಸರಿನ ಕೆಳಗೆ ತಾತ ಅಂಗಡಿ ಶುರು ಮಾಡಿದ ಇಸವಿ ಹಾಕ್ಸಣ ಅಂದ್ರೆ ಮಾವ ಬೇಡ ಅಂತಾರೆ. ನಿಮ್ಮನ್ನ ಕೇಳ್ದೆ ಹಾಕಂಗಿಲ್ವಂತೆ.”

ನಾನು ನಕ್ಕೆ. ಪದ್ಮರಾಜಯ್ಯನವರು ನಗಲಿಲ್ಲ.

“ಜಾಗ ಅದಲ್ಲ, ಹೆಸರು ಅದಲ್ಲ, ನಮ್ಮಪ್ಪ ಹಿತ್ತಾಳೆ ಮಾರಿದ್ರು, ಇಲ್ಲಿ ನಾನ್‌ಸ್ಟಿಕ್ ತವಾ ನೇತಾಕವ್ರೆ. ಫ್ರೇಮೇ ಬದಲಾಗೋಯ್ತಲ್ಲ ನಂಜಪ್ನೋರೆ. ನಿಮ್ ಲೆಕ್ಕದಾಗೆ ನಮ್ಮಪ್ಪನ ಅಂಗ್ಡಿ ತೀರ್ಕಂಡದೆ. ಅದರ ಇಸವಿ ತಂದು ಇದರ ಮೇಲೆ ಬರ್ಸುದ್ರೆ ಸುಳ್ಳು ಹೇಳ್ದಂಗೆ ಅಲ್ವಾ?”

ಅವರು ಚುಚ್ಚಲು ಹೇಳಿದ್ದಲ್ಲ. ಆಯುಷ್ಯದಲ್ಲಿ ತೂಕದ ಸುಳ್ಳು ಹೇಳದವರು ಬೋರ್ಡಿನ ಸುಳ್ಳಿಗೆ ಅಂಜಿದ್ದರು. ಇಷ್ಟು ವರ್ಷ ನನ್ನ ವಾದವನ್ನು ಕೇಳಿಯೂ ಒಪ್ಪದಿದ್ದ ಒಬ್ಬರು, ತಮಗೆ ನಷ್ಟವಾಗುವ ಹೊತ್ತಿನಲ್ಲಿ ಅದನ್ನು ಒಪ್ಪಿಕೊಂಡು ಕುಳಿತಿದ್ದರು. ಗೆದ್ದ ವಾದ ಇಷ್ಟು ಕಹಿಯಾಗಿರುತ್ತದೆಂದು ನಾನು ಎಲ್ಲಿಯೂ ಓದಿರಲಿಲ್ಲ. ಅಂಗಡಿ ಹೊಸದೆಂದರೆ ಅವರ ತಂದೆ ಬೋರ್ಡಿನಿಂದ ಹೋಗುತ್ತಾರೆ, ಅವರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಬಸ್ಸು ಕಾಯುತ್ತ ಉಳಿಯುತ್ತಾರೆ. ಹಳೆಯದೆಂದರೆ, ಯಾವ ಆಧಾರದಿಂದ? ಸಮಾಧಾನಕ್ಕೆ ಹೇಳಿದ ಮಾತನ್ನು ಅವರು ಕ್ಷಣದಲ್ಲಿ ತೂಗಿ ಹಿಂದಿರುಗಿಸುತ್ತಿದ್ದರು.

ಆಗ ಒಬ್ಬ ಹೆಂಗಸು ಒಳಗೆ ಬಂದು ಚೀಲದಿಂದ ಹಿತ್ತಾಳೆಯ ತಪ್ಪಲೆಯೊಂದನ್ನು ತೆಗೆದು ಮುಂದಿಟ್ಟರು. ಅರಕಲಗೂಡಿನ ಕಡೆಯವರು, ಮಗಳ ಮದುವೆ. ಕೊಂಡವರ ಹೆಸರನ್ನು ಪಾತ್ರೆಯ ಮೇಲೆ ಕೊರೆದು ಕೊಡುವುದು ಪಾತ್ರೆ ಅಂಗಡಿಗಳ ಪದ್ಧತಿಯಷ್ಟೆ. ತಪ್ಪಲೆಯ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ‘ಗೌರಮ್ಮ’ ಎಂದಿತ್ತು, ಆಕೆಯ ತಾಯಿಯ ಹೆಸರು. ಕೆಳಗೆ ಮಗಳ ಹೆಸರನ್ನೂ ಹಾಕಿಸಿ ಕೊಡಬೇಕಂತೆ.

ಎಲ್ಲಿ ಕೊಂಡದ್ದೆಂದು ಕೇಳಿದೆ.

“ಇಲ್ಲೇ ಸಾ. ನಮ್ಮವ್ವ ಇಲ್ಲೇ ತಗಂಡಿದ್ದು.”

ನಾಲಿಗೆಯ ಚಪಲ ಬಿಡಬೇಕಲ್ಲ. ಇಲ್ಲಿ ಅಲ್ಲವಮ್ಮ, ಈ ಕಟ್ಟಡ ಮೊನ್ನೆ ಮೊನ್ನೆ ಎದ್ದದ್ದು ಎಂದು ತಿದ್ದಿದೆ. ಆಕೆ ನನ್ನನ್ನು ಕರುಣೆಯಿಂದ ನೋಡಿದರು.

“ಕಟ್ಟಡ ತಗಂಡ್ ನಾನೇನ್ ಮಾಡ್ಲಿ ಸಾ. ಇವ್ರ್ ಅಂಗ್ಡೀನೇ ತಾನೆ? ಕೇಳ್ಕಂಡ್ ಬಂದಿವ್ನಿ.”

ಪದ್ಮರಾಜಯ್ಯನವರು ಎದ್ದು ಬಂದರು. ತಪ್ಪಲೆಯನ್ನು ಬೆಳಕಿಗೆ ತಿರುಗಿಸಿ ಅಕ್ಷರಗಳ ಮೇಲೆ ಬೆರಳಾಡಿಸಿದರು. ತಮ್ಮ ತಂದೆಯ ಕೈಬರಹವೆಂದು ಸೊಸೆಗೆ ಮೆಲ್ಲಗೆ ಹೇಳಿದರು. ಹೆಸರು ಹಾಕುವ ಕರೆಂಟಿನ ಯಂತ್ರವನ್ನು ಶ್ವೇತಾ ತರಲು ಹೋದಾಗ ಬೇಡವೆಂದು ಕೈಯಾಡಿಸಿ, ಎಲ್ಲಿಯೋ ಸುತ್ತಿಟ್ಟಿದ್ದ ಸಣ್ಣ ಉಳಿ, ಸುತ್ತಿಗೆ ತೆಗೆದು ನೆಲದ ಮೇಲೆ ಕುಳಿತರು. ಹುಡುಗಿಯ ಹೆಸರು ಐಶ್ವರ್ಯ. ಗೌರಮ್ಮನ ಕಾಲದ ತಪ್ಪಲೆಗೆ ಅರ್ಕಾವೊತ್ತು ಕೂರಿಸುವುದು ಸುಲಭವಲ್ಲ. ಬೆವರು ಒರೆಸಿಕೊಳ್ಳುತ್ತ ಕೂರಿಸಿದರು. ತಾಯಿಯ ತಾಯಿಯ ಹೆಸರಿನ ಚುಕ್ಕಿಗಳೂ ಮೊಮ್ಮಗಳ ಹೆಸರಿನ ಚುಕ್ಕಿಗಳೂ ಒಂದೇ ಅಂತರದಲ್ಲಿ ನಿಂತವು. ಬಸ್ಸಿಗೆ ಕಾಯುವ ಮುಖ ಅವರಿಗೆ ಆಗ ಇರಲಿಲ್ಲ.

ಹೆಂಗಸು ಹೋದ ಮೇಲೆ ನಾನು ಹೇಳಿದೆ: “ಇಸವಿ ಹಾಕ್ಸಿ.”

“ನಿಮ್ ಫ್ರೇಮಿನ ಸಿದ್ಧಾಂತ?”

ಅದು ಸೈಕಲ್ಲಿಗೆ ಮಾತ್ರ ಅನ್ವಯಿಸುವುದು ಎಂದೆ. ಈ ಮಳಿಗೆಯೊಳಕ್ಕೆ ಹೊಸದಾಗಿ ಕಾಲಿಟ್ಟವರು ‘ಇಲ್ಲೇ’ ಎಂದರಲ್ಲ, ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನ್ನ ಓದಿನಲ್ಲಿ ಸಿಕ್ಕಿಲ್ಲ ಎಂದೆ. ಪದ್ಮರಾಜಯ್ಯನವರು ಅದನ್ನು ಒಳಗೇ ತೂಗಿ ನೋಡಿದರು. ತೂಕ ಸರಿಬಂದಿರಬೇಕು. ಇಸವಿ ದೊಡ್ಡದಾಗಿಯೇ ಇರಲಿ ಎಂದು ಸೊಸೆಗೆ ಹೇಳಿ, ನನ್ನ ಕಡೆ ತಿರುಗಿದರು.

“ಅಂಗಾದ್ರೆ ಪುಣೇದು?”

ಈ ಪ್ರಶ್ನೆ ಬರುವುದೆಂದು ಗೊತ್ತಿತ್ತು. ಪುಣೆಯ ಗ್ಯಾಲರಿಯಲ್ಲಿ ಕುಳಿತು ‘ನಾವು ಇಲ್ಲೇ ಹೋದ ಸಲವೂ ನೋಡಿದ್ದು’ ಎಂದ ಒಬ್ಬ ಚೆನ್ನೈಯವನನ್ನು ಕರೆತಂದು ನಿಲ್ಲಿಸಿದರೆ ಯೋಚಿಸುತ್ತೇನೆ ಎಂದೆ. ವರ್ಷ ವರ್ಷವೂ ಟೀವಿಯ ಮುಂದೆ ಕುಳಿತು ‘ನಮ್ಮ ಪಂದ್ಯಾವಳಿ’ ಎಂದ ಚನ್ನರಾಯಪಟ್ಟಣದವನ ಸಾಕ್ಷ್ಯ ಸಾಲದೆ ಎಂದು ಅವರು ಕೇಳಿದರು. ಪಕ್ಷಗಾರನೇ ಸಾಕ್ಷಿಯಾಗುವಂತಿಲ್ಲ ಎಂದೆ. ಮಾತು ಬಿಸಿಯೇರಿತು.

ಹಳೆಯ ಅಂಗಡಿಯ ಬಾಗಿಲು ಮೂಡಣಕ್ಕಿತ್ತು; ಹೊಸದು ಪಡುವಣಕ್ಕೆ. ಸಂಜೆಯ ಬಿಸಿಲು ಒಳಗೆ ನುಗ್ಗಿ ಇಬ್ಬರ ಕಣ್ಣಿಗೂ ಹೊಡೆಯಿತು. ಹೊತ್ತು ಇಳಿಯಿತೆಂದು ಪದ್ಮರಾಜಯ್ಯನವರು ಅವಸರದಿಂದ ಊಟದ ಡಬ್ಬಿ ಬಿಚ್ಚಿ, ಅರ್ಧ ಚಪಾತಿಯನ್ನು ನನ್ನ ಕೈಗಿಟ್ಟರು. ಬಿಸಿಲಿಲ್ಲದ ಕಡೆ ಕೂರಿ ಎಂದು ಶ್ವೇತಾ ಎದುರಿನ ಗೋಡೆ ತೋರಿಸಿದಳು. ಇಬ್ಬರೂ ಕುರ್ಚಿ ಎತ್ತಿಕೊಂಡು ಆ ಬದಿಗೆ ಹೋದೆವು. ಕುಳಿತ ಮೇಲೆ ಯಾವ ಮಾತಿನಲ್ಲಿ ಬಿಟ್ಟಿದ್ದೆವೋ ಅದೇ ಮಾತಿನಿಂದ ಜಗಳ ಮುಂದುವರಿಯಿತು. ಬದಿ ಬದಲಾಯಿತಲ್ಲ, ಅಂಕವನ್ನು ಸೊನ್ನೆಯಿಂದ ಎಣಿಸೋಣ ಎಂದು ನಮ್ಮಿಬ್ಬರಲ್ಲಿ ಯಾರೂ ಕೇಳಲಿಲ್ಲ.